ಜೊಳ್ಳು ತೆನೆಯ ಭತ್ತ

ಹೊಳೆ ಸಮುದ್ರ ಸೇರುವಲ್ಲಿ ಹೊನ್ನಪ್ಪಜ್ಜನ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಗುಡಿಸಲು, ನಾಲ್ಕು ತುಂಡು ಗದ್ದೆ, ಸೋಮಿ ಎಂಬ ಒಬ್ಬಳೇ ಶಿಷ್ಯೆ.

ವರ್ಷ ವರ್ಷವೂ ಉಪ್ಪುನೀರು ಇನ್ನಷ್ಟು ಒಳಗೆ ನುಗ್ಗುತ್ತಿತ್ತು. ದಡದ ಊರಿನ ಭತ್ತ ಇನ್ನು ಹತ್ತು ಬೆಳೆ ಕಂಡರೆ ಹೆಚ್ಚು. ಅಷ್ಟರೊಳಗೆ ಉಪ್ಪಿಗೆ ಜಗ್ಗದ ಭತ್ತವೊಂದು ಬೇಕೆಂದು ಅಜ್ಜ ಏಳು ವರ್ಷದಿಂದ ತಳಿಗೆ ತಳಿ ಕೂಡಿಸುತ್ತಿದ್ದರು.

ತೆನೆ ಬರುವ ಹೊತ್ತಿಗೆ ಅಜ್ಜನಿಗೆ ಜ್ವರ ಬಂತು. ಹತ್ತು ದಿನ ಮಲಗಿ, ಎದ್ದು ಗದ್ದೆಗೆ ಬಂದರೆ ಮೂಲೆಯ ತುಂಡು ಬೋಳಾಗಿತ್ತು.

“ಇಲ್ಲಿದ್ದ ಗಿಡ?”

“ಕಿತ್ತು ಹೊಳೆಗೆ ಎಸೆದೆ ಅಜ್ಜ. ಬರೀ ಜೊಳ್ಳು. ತೆನೆಗೆ ಮೂರು ಕಾಳಿದ್ದರೆ ಹೆಚ್ಚು. ಕೋಳಿಯೂ ತಿರುಗಿ ನೋಡುತ್ತಿರಲಿಲ್ಲ.”

ಸೋಮಿ ಹೊಗಳಿಕೆಗೆ ಕಾದು ನಿಂತಳು.

“ಒಂದನ್ನೂ ಬಿಡಲಿಲ್ಲವೇ?”

“ಒಂದನ್ನೂ ಬಿಡಲಿಲ್ಲ. ಚೆನ್ನಾಗಿರುವುದನ್ನು ಉಳಿಸು, ಮಿಕ್ಕಿದ್ದನ್ನು ಕೀಳು ಅಂತ ನೀವೇ ಹೇಳಿಕೊಟ್ಟದ್ದಲ್ಲವೇ?”

“ನಾನೇ. ಅರ್ಧ ಹೇಳಿಕೊಟ್ಟೆ.”

ಅಜ್ಜ ಕೆಮ್ಮುತ್ತ ಗದ್ದೆಯ ಬದಿಯ ದಿಬ್ಬ ಹತ್ತಿದರು. ಸೋಮಿ ಹಿಂದೆ ಹತ್ತಿದಳು. ಗದ್ದೆಯಾಚೆ ದೊಡ್ಡ ಗುಡ್ಡವಿತ್ತು.

“ಆ ಗುಡ್ಡದ ತುದಿಗೆ ಹೋಗು. ಆದರೆ ಒಂದು ಹೆಜ್ಜೆಯೂ ಕೆಳಗೆ ಇಳಿಯಬೇಡ.”

ಸೋಮಿ ದಿಬ್ಬದ ಮೇಲೇ ಸುತ್ತು ಹಾಕಿದಳು.

“ಎತ್ತ ಹೊರಟರೂ ಇಳಿಯಲೇಬೇಕಲ್ಲ. ಕೆಳಗೆಲ್ಲ ಕೆಸರು.”

“ನೀನು ಕಿತ್ತದ್ದು ಗುಡ್ಡ ಹತ್ತಲೆಂದು ಆ ಕೆಸರಿಗೆ ಇಳಿದ ಗಿಡಗಳನ್ನು.”

ಸೋಮಿ ಬೋಳು ತುಂಡಿನತ್ತ ತಿರುಗಿದಳು.

“ಅದರ ಬೇರು ನೋಡಿದೆಯಾ?”

“ದಪ್ಪ ಇತ್ತು. ಕೀಳಲು ಕೈ ನೋವಾಯಿತು.”

“ಉಪ್ಪಿಗೆ ಜಗ್ಗದ ಆ ಬೇರಿನ ಗುಣ ಒಂಟಿಯಾಗಿ ಬಂದರೆ ತೆನೆ ಜೊಳ್ಳು. ಪಕ್ಕದ ತುಂಡಿನ ಭತ್ತಕ್ಕೆ ಕಾಳು ತುಂಬುವ ಗುಣ ಉಂಟು. ಅದು ಒಂಟಿಯಾಗಿ ಬಂದರೆ ಗಿಡ ಮಗುಚಿ ಬೀಳುತ್ತದೆ. ಎರಡೂ ಒಂದೇ ಕಾಳಿನಲ್ಲಿ ಸೇರಿದ್ದರೆ, ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತಿತ್ತು.”

“ಯಾವಾಗ ಸೇರಿಸುವವರಿದ್ದಿರಿ?”

“ಈ ವಾರ.”

ಸೋಮಿ ಹೊಳೆಗೆ ಓಡಿದಳು. ಇಳಿತದ ನೀರು ಎಲ್ಲವನ್ನೂ ಸಮುದ್ರಕ್ಕೆ ಒಯ್ದಿತ್ತು. ಮೊಣಕಾಲಿನವರೆಗೆ ನೀರಿನಲ್ಲಿ ನಿಂತು ಅತ್ತಳು. ಹಿಂದಿರುಗಿದಾಗ ಅಜ್ಜ ದಿಬ್ಬದಿಂದ ಇಳಿಯಲಾರದೆ ಅಲ್ಲೇ ಕುಳಿತಿದ್ದರು.

“ಬೈಯಿರಿ ಅಜ್ಜ.”

“ಬೈದರೆ ಮೊಳಕೆ ಬರುತ್ತದೆಯೇ?”

“ಹಳೆ ಬೀಜ ಉಂಟಲ್ಲ. ಮೊದಲಿಂದ ಮಾಡೋಣ. ಏಳು ವರ್ಷ ತಾನೇ.”

ಹೇಳಿದ ಮೇಲೆ ಸೋಮಿ ಅಜ್ಜನ ಕಾಲು ನೋಡಿದಳು. ಪಾದ ಊದಿ ಬೆರಳೇ ಕಾಣದಂತಾಗಿತ್ತು. ಅವಳು ತಲೆ ತಗ್ಗಿಸಿದಳು.

“ಮಾಡು,” ಎಂದರು ಅಜ್ಜ.

“ಒಬ್ಬಳೇ ಹೇಗೆ?”

ಅಜ್ಜ ಅವಳ ಒದ್ದೆ ಕೈ ಹಿಡಿದುಕೊಂಡರು.

“ಬೆಳೆ ಜೊಳ್ಳಾದ ವರ್ಷ ಕೀಳುವ ಮೊದಲು ನನ್ನನ್ನು ನೆನೆಸಿಕೊ, ಸೋಮಿ. ಒಳ್ಳೆ ಬೆಳೆ ಬಂದ ವರ್ಷ ಬೇಡ.”