ಅವರೆಯ ಸೊಗಡು

"ಗುರುಗಳೇ, ಹಿಂದೆ ಇದ್ದ ರುಚಿ ಈಗ ಯಾವುದರಲ್ಲೂ ಇಲ್ಲವಲ್ಲ. ಅದನ್ನು ಎಲ್ಲಿ ಹುಡುಕಬೇಕು?" ಎಂದು ಶಿಷ್ಯನೊಬ್ಬ ಕೇಳಿದ.

ಗುರು ನಕ್ಕರು. "ಹಿಂದೆ ಅಂದರೆ ಯಾವಾಗಯ್ಯ? ನಿನಗೆ ಮೀಸೆ ಮೂಡಿದ್ದೇ ಮೊನ್ನೆ. ಇರಲಿ, ಕೂತುಕೋ. ಹೊನ್ನಾಜಮ್ಮನ ಕತೆ ಹೇಳುತ್ತೇನೆ."

ಹೊನ್ನಾಜಮ್ಮ ದೂರದ ಊರಿನಿಂದ ಮದುವೆಯಾಗಿ ಬಂದವಳು. ಗಂಡನ ಮನೆಯ ಹಿಂದೆ ಒಂದು ಹಿತ್ತಲು, ಪಕ್ಕದ ಮನೆಯ ಸಿದ್ದಕ್ಕನದು ಇನ್ನೊಂದು. ನಡುವೆ ಎದೆಮಟ್ಟದ ಮಣ್ಣಿನ ಗೋಡೆ. ಬೆಳಿಗ್ಗೆ ಗಿಡಗಳಿಗೆ ನೀರು ಹಾಕಿದ ಮೇಲೆ ಇಬ್ಬರೂ ಆ ಗೋಡೆಗೆ ಒರಗಿ ನಿಂತರೆಂದರೆ ಒಲೆಯ ಮೇಲಿನ ಹಾಲು ಉಕ್ಕಿದರೂ ಗೊತ್ತಾಗುತ್ತಿರಲಿಲ್ಲ. ಏನು ಮಾತು ಅಂತೀಯ? ರಾಜ್ಯ ಕಟ್ಟುವ ಮಾತೇನಲ್ಲ. ಕುಂಬಳದಲ್ಲಿ ಬರೀ ಗಂಡುಹೂವೇ ಬಿಡುತ್ತಿದೆ, ಏನು ಮಾಡೋದು? ಬದನೆಗೆ ಹುಳ ಬಿತ್ತಾ, ಒಲೆಯ ಬೂದಿ ಉದುರಿಸು. ನುಗ್ಗೆ ಈ ಸಲ ಕೊಂಬೆ ಮುರಿಯುವಷ್ಟು ಬಿಟ್ಟಿದೆ, ನಿನ್ನ ಗಂಡನಿಗೆ ಹೇಳು, ಬಂದು ಕಿತ್ತುಕೊಂಡು ಹೋಗಲಿ. ಇಷ್ಟೇ. ಇಷ್ಟರಲ್ಲೇ ಆ ಪರ ಊರು ಹೊನ್ನಾಜಮ್ಮನಿಗೆ ತನ್ನ ಊರಾಯಿತು. ಆದದ್ದು ಅವಳಿಗೇ ತಿಳಿಯಲಿಲ್ಲ.

ಒಂದು ವಿಷಯದಲ್ಲಿ ಮಾತ್ರ ಅವಳದು ಹಟ. ಅವರೆ ಅಂದರೆ ತವರಿನ ಅವರೆ. ಚಳಿಗಾಲ ಬಂದು ಸಿದ್ದಕ್ಕ ಒಂದು ಮೊರ ಅವರೆಕಾಯಿ ತಂದು ಗೋಡೆಯ ಮೇಲೆ ಇಟ್ಟರೆ, ಇವಳು ಒಂದು ಕಾಯಿ ಮೂಸಿ ಮುಖ ಸಿಂಡರಿಸುತ್ತಿದ್ದಳು.

"ನಮ್ಮವ್ವ ಹಾಕೋ ಅವರೆ ನೀನು ನೋಡಿಲ್ಲ ಸಿದ್ದಕ್ಕ. ಸುಲಿದ ಕೈ ಎಷ್ಟು ತೊಳೆದರೂ ಸೊಗಡು ಹೋಗಲ್ಲ. ಇದೇನು, ಒಳ್ಳೇ ಹುಲ್ಲಿನ ಹಾಗಿದೆ."

"ಆಗ್ಲಿ ಬಿಡವ್ವ, ತವರಿಂದು ತವರಿಂದೇ. ಇವತ್ತಿಗೆ ಇದರಲ್ಲೇ ಸಾರು ಮಾಡ್ಕೊ," ಅನ್ನುತ್ತಿದ್ದಳು ಸಿದ್ದಕ್ಕ.

ಹೊನ್ನಾಜಮ್ಮ ಗೊಣಗಿಕೊಂಡೇ ಸಾರು ಮಾಡುತ್ತಿದ್ದಳು. ಮಿಕ್ಕ ಕಾಯಿಯನ್ನು ಎಮ್ಮೆಯ ಮುಂದೆ ಸುರಿಯುತ್ತಿದ್ದಳು. ತವರಿಗೆ ಹೋದಾಗ ಮಾತ್ರ ತಾಯಿ ಮಾಡಿದ ಸಾರು ಉಂಡು, "ಈ ಸೊಗಡು ಅಲ್ಲೆಲ್ಲಿ ಬರಬೇಕವ್ವ!" ಎಂದು ಬೆರಳು ನೆಕ್ಕುತ್ತಿದ್ದಳು. ತಾಯಿ ಇನ್ನೊಂದು ಸೌಟು ಬಡಿಸಿ ಸುಮ್ಮನಾಗುತ್ತಿದ್ದಳು.

ಕಾಲ ಯಾರಿಗಾಗಿ ನಿಲ್ಲುತ್ತದೆ? ತಾಯಿ ತೀರಿಕೊಂಡಳು. ಕೆಲವು ವರ್ಷಕ್ಕೆ ಸಿದ್ದಕ್ಕನೂ ಹೋದಳು. ಅವಳ ಮನೆಗೆ ಬೀಗ ಬಿತ್ತು, ಹಿತ್ತಲಲ್ಲಿ ಮುಳ್ಳು ಬೆಳೆಯಿತು. ಅಲ್ಲಿಂದ ಹೊನ್ನಾಜಮ್ಮನಿಗೆ ಬಾಯಿರುಚಿಯೇ ಕೆಟ್ಟಿತು. ಏನು ಬೇಯಿಸಿದರೂ ಸಪ್ಪೆ. ನಮ್ಮವ್ವನ ಅವರೆ ಒಂದು ಸಲ ಬಾಯಿಗೆ ಬಿದ್ದರೆ ಎಲ್ಲ ಸರಿಹೋದೀತು, ಅದರ ಬೀಜ ತಂದು ಇಲ್ಲೇ ಹಾಕಿಕೊಂಡರೆ ಸಾಯುವ ತನಕ ಉಣ್ಣಬಹುದು ಎಂದು ಅವಳ ಜೀವ ಹಂಬಲಿಸಿತು. ಇಬ್ಬನಿ ಬೀಳುವ ಕಾಲಕ್ಕೆ ತಮ್ಮನ ಮನೆಗೆ ಹೊರಟಳು.

ತಮ್ಮನ ಹೆಂಡತಿ ಬಿಸಿ ಮುದ್ದೆ ಇಟ್ಟು ಅವರೆಕಾಳಿನ ಸಾರು ಬಿಟ್ಟಳು. ಮೊದಲ ತುತ್ತಿಗೇ ಹೊನ್ನಾಜಮ್ಮನ ಕಣ್ಣು ತುಂಬಿ ಬಂತು.

"ಇದೇ ಕಣೇ! ಇದೇ ನಮ್ಮವ್ವನ ಅವರೆ. ಒಂದು ಹಿಡಿ ಬೀಜ ಕೊಡೇ ತಾಯಿ, ನಿನ್ನ ಹೊಟ್ಟೆ ತಣ್ಣಗಿರಲಿ."

"ಬೀಜಕ್ಕೇನು ಅತ್ತಿಗೆ, ಬೇಕಾದಷ್ಟು ತಗೊಂಡು ಹೋಗಿ. ಆದರೆ ಇದು ಈ ಊರಿನದಲ್ಲ. ನಮ್ಮ ಹಳೇ ಬೀಜ ಹುಳ ಬಿದ್ದು ಹಾಳಾಗಿ ಎಷ್ಟೋ ವರ್ಷ ಆಯ್ತು. ನಿಮ್ಮ ಮೊದಲ ಮಗುವಿನ ನಾಮಕರಣಕ್ಕೆ ಅತ್ತೆ ನಿಮ್ಮೂರಿಗೆ ಬಂದಿದ್ದರಲ್ಲ, ಆಗ ಪಕ್ಕದ ಮನೆಯ ಸಿದ್ದಕ್ಕ ಅನ್ನೋರು ಸೆರಗಿಗೆ ಗಂಟು ಹಾಕಿ ಕೊಟ್ಟರಂತೆ. 'ಹೊನ್ನಂಗೆ ಹೇಳಬೇಡಿ, ತವರಿನ ಅವರೆ ಅಂತ ಆಸೆಯಿಂದ ತಿಂತಾಳೆ, ತಿನ್ನಲಿ' ಅಂದರಂತೆ."

ಹೊನ್ನಾಜಮ್ಮನ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅಯ್ಯೋ ಶಿವನೇ, ಎಮ್ಮೆಗೆ ಸುರಿದೆನಲ್ಲೇ!" ಎಂದು ಹಣೆ ಚಚ್ಚಿಕೊಂಡು ಅತ್ತಳು. ತಾಯಿ ಸತ್ತಾಗಲೂ ಅತ್ತಿಗೆ ಹಾಗೆ ಅತ್ತಿರಲಿಲ್ಲ ಎಂದು ತಮ್ಮನ ಹೆಂಡತಿ ಆಮೇಲೆ ಹೇಳುತ್ತಿದ್ದಳು.

ಬೀಜ ತಂದು, ಮಳೆಗಾಲಕ್ಕೆ ಹಾಕಿದಳು. ಬಳ್ಳಿ ಚಪ್ಪರ ಹತ್ತಿತು. ಚಳಿ ಬಿದ್ದ ಮೇಲೆ ಗೊಂಚಲು ಗೊಂಚಲಾಗಿ ಕಾಯಿ ಬಿಟ್ಟಿತು, ಸೊಗಡು ಬೀದಿಯವರೆಗೂ ಹಬ್ಬಿತು. ಒಂದು ಬೆಳಿಗ್ಗೆ ಮೊರದ ತುಂಬ ಕಾಯಿ ಬಿಡಿಸಿ ಗೋಡೆಯ ಹತ್ತಿರ ಹೋದಳು. "ಸಿದ್ದಕ್ಕಾ, ಬಾರಕ್ಕ ಇಲ್ಲಿ! ನಿನ್ನ ಅವರೆ ಹೆಂಗೆ ಬಿಟ್ಟಿದೆ ನೋಡು!" ಎಂದು ಕೂಗಿಯೇಬಿಟ್ಟಳು. ಕೂಗಿದ ಮೇಲೆ ಅವಳಿಗೆ ನೆನಪಾಯಿತು. ಮೊರವನ್ನು ಗೋಡೆಯ ಮೇಲೆ ಇಟ್ಟು ಬಿಸಿಲು ಏರುವ ತನಕ ಅಲ್ಲೇ ನಿಂತಿದ್ದಳು.

ಗುರು ಕತೆ ನಿಲ್ಲಿಸಿದರು. ಶಿಷ್ಯ ನಿಟ್ಟುಸಿರು ಬಿಟ್ಟ.

"ಪಾಪ! ಹಾಗಾದರೆ ಆ ಸೊಗಡು ಇದ್ದದ್ದು ತವರಲ್ಲೋ, ಸಿದ್ದಕ್ಕನ ಹಿತ್ತಲಲ್ಲೋ, ಗುರುಗಳೇ?"

"ಅದು ಹೊನ್ನಾಜಮ್ಮನ ಚಿಂತೆ. ನಿನ್ನ ಗೋಡೆಯಾಚೆ ಇವತ್ತು ಮೊರ ಹಿಡಿದು ನಿಂತಿರುವವರು ಯಾರು, ಅದನ್ನು ಹೇಳು."