ಮಂಜಿನ ಸೇತುವೆ

ಒಂದು ಕಾಡಿನಲ್ಲಿ ಸೂರ್ಯನಿಗಿಂತ ಮೊದಲು ಮಂಜು ಏಳುತ್ತಿತ್ತು. ಹಳ್ಳದ ಮೇಲೆ ಈ ದಡದಿಂದ ಆ ದಡಕ್ಕೆ ಬೆಳ್ಳಗೆ ಮೈಚಾಚಿ, ಬಿಸಿಲು ಬಂದೊಡನೆ ಸದ್ದಿಲ್ಲದೆ ಹೊರಟುಹೋಗುತ್ತಿತ್ತು.

ಮಳೆಗಾಲದಲ್ಲಿ ಈ ದಡ ಮುಳುಗುತ್ತಿತ್ತು. ಬಲವಿದ್ದವರು ಈಜಿ ಎದುರಿನ ಎತ್ತರದ ದಡ ಸೇರುತ್ತಿದ್ದರು. ಆದರೆ ಗೌರಿ ಎಂಬ ತಾಯಿ ಕಡವೆಯ ಮರಿಗೆ ಒಂದು ಕಾಲು ಸೊಟ್ಟ. ಅದು ಈಜಲಾರದು. ಅದಕ್ಕೇ ಎಲ್ಲ ಪ್ರಾಣಿಗಳೂ ಸೇರಿ ಸೇತುವೆ ಕಟ್ಟಿಸಲು ಒಪ್ಪಿದವು. ಕಟ್ಟುವವರ ಊಟಕ್ಕೆಂದು ತಮ್ಮ ಹಣ್ಣು, ಜೇನು, ಗೆಣಸಿನಲ್ಲಿ ಒಂದು ಪಾಲು ತೆಗೆದಿಟ್ಟವು. ಉಸ್ತುವಾರಿಗೆ ಕೆಂಚ ಎಂಬ ನರಿ ತಾನೇ ಮುಂದೆ ಬಂದ.

ಕೆಲವು ವಾರಗಳಾದ ಮೇಲೆ ಒಂದು ಮುಂಜಾನೆ ಕೆಂಚ ಎಲ್ಲರನ್ನೂ ದೂರದ ಬಂಡೆಯ ಮೇಲೆ ನಿಲ್ಲಿಸಿ, "ನೋಡಿ, ಸೇತುವೆ!" ಎಂದ.

"ಅದು ಮಂಜಲ್ವಾ?" ಎಂದಿತು ಮೊಲ.

"ಮಂಜಾ? ಅಯ್ಯೋ ಮಂಕೇ! ಬಾವಲಿಗಳು ರಾತ್ರಿಯೆಲ್ಲ ನೇಯ್ದದ್ದು ಕಣೇ."

"ಹಗಲು ಕಾಣಲ್ವಲ್ಲ?"

"ಬಿಸಿಲಿಗೆ ಬಿರುಕು ಬಿಡುತ್ತೆ ಅಂತ ಮಡಚಿಡ್ತಾರೆ. ಹತ್ತಿರ ಮಾತ್ರ ಹೋಗ್ಬೇಡಿ, ಇನ್ನೂ ಹಸಿ ಇದೆ."

ಅದು ಸೇತುವೆಯೇ ಆಗಿರಲಿ ಎಂದು ಎಲ್ಲರಿಗೂ ಆಸೆ. ನೋಡುತ್ತಾ ನೋಡುತ್ತಾ ಮಂಜಿನಲ್ಲಿ ಕಂಬಗಳೂ ಕಂಡವು. ಪಾಲು ಹೆಚ್ಚಿತು. ಗೌರಿ ತನಗೆ ಸಿಕ್ಕ ನೆಲ್ಲಿಕಾಯನ್ನೂ ತಿನ್ನದೆ ಕೊಟ್ಟಳು. ಕೆಂಚನ ಹೊಟ್ಟೆ ಗುಡಾಣವಾಯಿತು.

ಮೊದಲ ಗುಡುಗು ಕೇಳಿದ ಬೆಳಿಗ್ಗೆ ಎಲ್ಲರೂ ದಡಕ್ಕೇ ಬಂದರು. ಕೆಂಚನ ಕೊರಳಿಗೆ ಹೂಬಳ್ಳಿಯ ಹಾರ ಬಿತ್ತು. ಮರಿ ಕುಂಟುತ್ತಾ ಅಂಚಿಗೆ ಓಡಿತು.

"ಅಮ್ಮಾ, ನಾನು ಮೊದಲು!"

"ಹೂಂ ಹೂಂ, ಮಗೂನೇ ಹೋಗ್ಲಿ," ಎಂದ ಕೆಂಚ.

ಗೌರಿ ಮರಿಗೆ ಅಡ್ಡ ನಿಂತಳು. ಕೆಂಚನ ನಾಲ್ಕೂ ಕಾಲುಗಳು ನೆಲವನ್ನು ಬಿಗಿಯಾಗಿ ಹಿಡಿದಿದ್ದನ್ನು ಅವಳು ನೋಡಿದ್ದಳು.

"ಕಟ್ಟಿಸಿದೋರು ನೀವು ಕೆಂಚಣ್ಣ. ಮೊದಲ ಹೆಜ್ಜೆ ನಿಮ್ದೇ ಆಗ್ಬೇಕು."

"ನಂಗೆ... ಮಂಡಿ ನೋವು."

"ಈಜೋಕಾಗ್ದೋರಿಗೇ ತಾನೇ ಸೇತುವೆ!" ಎಂದು ಆನೆ ಸೊಂಡಿಲಿನಿಂದ ಮೆಲ್ಲಗೆ ನೂಕಿದ.

ಕೆಂಚ ಬಿಳುಪಿನೊಳಗೆ ಹೋದ. ಆಮೇಲೆ ದುಡುಂ ಎಂಬ ಸದ್ದು ಬಂತು.

"ಕಾಪಾಡ್ರಪ್ಪೋ! ಸೇತುವೆ ಇಲ್ಲ! ಎಲ್ಲಾ ನಾನೇ ತಿಂದೆ!" ಎಂದು ಕೆಸರಿನಿಂದ ಕೂಗು ಕೇಳಿತು.

ಯಾರೂ ನಗಲಿಲ್ಲ. ಗೌರಿ ಮೋಡ ನೋಡಿದಳು, ಮರಿಯನ್ನು ನೋಡಿದಳು.

ಅಂದೇ ಕೆಲಸ ಶುರುವಾಯಿತು. ಒಂದು ಮರವನ್ನೂ ಕಡಿಯಲಿಲ್ಲ. ದಡದ ಆಲದ ಬಿಳಲುಗಳನ್ನು ಆನೆ ಸೊಂಡಿಲಲ್ಲಿ ಹಿಡಿದು ಆಚೆಗೆ ಈಜಿದ. ಕೋತಿಗಳು ಹೆಣೆದು ಗಂಟು ಹಾಕಿದವು. ಕೆಸರಿನಿಂದ ಮೇಲೆಳೆದ ಕೆಂಚನೂ ಬಿಳಲ ತುದಿಗಳನ್ನು ಹೂಳಲು ಬೆನ್ನ ಮೇಲೆ ಮಣ್ಣು ಹೊತ್ತ. ಪಾಲು ಕೊಟ್ಟವರೆಲ್ಲ ದಿನವೂ ಬಂದು ಪ್ರತಿ ಗಂಟನ್ನೂ ಎಳೆದು ನೋಡಿದರು.

ಹಳ್ಳ ಉಕ್ಕಿದ ದಿನ ಮರಿ ಬಿಳಲಿನ ಮೇಲೆ ಕಾಲಿಟ್ಟಿತು. ಸೇತುವೆ ತೊಟ್ಟಿಲಿನಂತೆ ತೂಗಿತು, ಹರಿಯಲಿಲ್ಲ. ಆಚೆ ದಡದ ಹುಲ್ಲಿಗೆ ಮರಿ ಬಾಯಿ ಹಾಕಿದ ಮೇಲೆಯೇ ಗೌರಿ ಬಿಗಿಹಿಡಿದ ಉಸಿರು ಬಿಟ್ಟಳು.

ನೀತಿ: ಎಲ್ಲರ ಪಾಲಿನಿಂದ ಆಗುವ ಕೆಲಸವನ್ನು ಎಲ್ಲರೂ ಹತ್ತಿರ ಹೋಗಿ ಮುಟ್ಟಿ ನೋಡಬೇಕು. ದೂರದಿಂದ ಕಂಡದ್ದನ್ನೇ ನಂಬಿದರೆ, ಮೊದಲು ಅಪಾಯಕ್ಕೆ ಸಿಗುವವರು ಬಲವಿಲ್ಲದವರೇ.