ಕೆಂಪು ಗಾಡಿಯೂ ಮಾಯಾಗನ್ನಡಿಯೂ

"ಕೇಳ್ರಪ್ಪೋ ಕೇಳ್ರಿ! ರಾಜಕುಮಾರಿ ಕಾಂತಿಮತಿಯ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ಸೋತವರ ತಲೆ ಹುಣ್ಣಿಮೆಗೆ ಹಾರುತ್ತದೆ!" ಎಂದು ಊರೂರಲ್ಲಿ ಡಂಗುರ ಸಾರಿದರು.

ಆ ಕೋಟೆಯ ಬುರುಜಿನಲ್ಲೊಂದು ಮಾಯಾಗನ್ನಡಿ. ಹೆದ್ದಾರಿಯ ಗಾಡಿಗಳನ್ನೆಲ್ಲ ಹಿಂಬಾಲಿಸಿ ನೋಡಿ, ಇದು ಇಂಥವನ ಗಾಡಿ ಎಂದು ಹೆಸರು ಹೇಳುತ್ತಿತ್ತು. ಹೂ ಮಾರುವ ಗುರವ್ವಜ್ಜಿಯ ಕಾಲಿನ ಮೇಲೆ ಒಂದು ಕೆಂಪು ಗಾಡಿ ಹರಿದು ನಿಲ್ಲದೆ ಹೋದಾಗ, ಅದು ಭರಮಣ್ಣನ ಹೆಸರು ಹೇಳಿತು. ರಾಜಕುಮಾರಿ ಹಿಂದುಮುಂದು ನೋಡದೆ ಅವನನ್ನು ಸೆರೆಗೆ ತಳ್ಳಿಸಿದಳು. ವರ್ಷ ಕಳೆದ ಮೇಲೆ, ಕನ್ನಡಿಯಲ್ಲಿ ಹಳೆಯದನ್ನೂ ತಿರುಗಿ ನೋಡುವಾಗ ಮೂರು ವಿಚಿತ್ರ ಕಂಡು ಅವಳ ನಿದ್ದೆ ಹಾರಿತು; ಅವನ್ನೇ ಒಗಟಾಗಿ ಒಡ್ಡಿದಳು. ತಾನೇ ಅವಸರದ ತೀರ್ಪು ಕೊಟ್ಟವಳಿಗೆ ಈಗ ಬಾಯಿಗೆ ಬಂದದ್ದು ಹೇಳುವವರನ್ನು ಕಂಡರೆ ಮೈ ಉರಿಯುತ್ತಿತ್ತು.

"ಸಂಜೆ ಒಂದು ಗಾಡಿ ಹೋದರೆ ಕನ್ನಡಿ ಎರಡು ಎನ್ನುತ್ತದೆ. ಎರಡನೆಯದು ಯಾವುದು?" ಎಂದು ಕೇಳಿದಳು.

"ದೆವ್ವದ ಗಾಡಿ!" ಎಂದ ಮೊದಲ ರಾಜಕುಮಾರ ಹುಣ್ಣಿಮೆಯವರೆಗೆ ಸೆರೆಮನೆ ಸೇರಿದ. ಇನ್ನೊಬ್ಬ ಹೇಗೋ ಅದನ್ನು ದಾಟಿ, ಎರಡನೆಯದರಲ್ಲಿ ಮುಗ್ಗರಿಸಿದ.

ಆಗ ಬಡ ಗಾಡಿಕಾರ ಯಮನೂರ ಬಂದ.

"ಅದು ನೆರಳು ತಾಯಿ. ಹೊತ್ತು ಇಳಿದಾಗ ಗಾಡಿಗಿಂತ ನೆರಳೇ ದೊಡ್ಡದು."

"ಎರಡು ಹೋದರೂ ಒಂದೇ ಎನ್ನುತ್ತದೆಯಲ್ಲ, ಇನ್ನೊಂದು ಎಲ್ಲಿ?"

"ಹುಲ್ಲಿನ ಬಂಡಿ ಮಗ್ಗಲದಾಗ. ದೊಡ್ಡದು ಸಣ್ಣದನ್ನ ಮರೆ ಮಾಡತೈತಿ."

"ವರ್ಷದ ಹಿಂದೆ ಆಲದ ಮರದ ಮರೆಗೆ ಕೆಂಪು ಗಾಡಿ ಹೋಯಿತು. ಆಚೆ ಬಂದದ್ದೂ ಅದೇ ಎಂದಿತು ಕನ್ನಡಿ. ಹೋಗುವಾಗ ಎತ್ತಿನ ಕೊಂಬು ನೆಟ್ಟಗಿತ್ತು, ಬರುವಾಗ ಬಾಗಿತ್ತು. ಏಕೆ?"

ಅದು ಬೇರೆ ಗಾಡಿ ಎಂದಷ್ಟೇ ಹೇಳಿ ಅರ್ಧ ರಾಜ್ಯ ಪಡೆಯಬಹುದಿತ್ತು. ಯಾರದೆಂದು ಅವಳು ಕೇಳಿರಲಿಲ್ಲ. ಆದರೆ ಉಪ್ಪು ತಿಂದವನು ತಾನು, ನೀರು ಕುಡಿಯುತ್ತಿದ್ದವನು ಇನ್ನೊಬ್ಬ. ಅವನು ರುಮಾಲು ತೆಗೆದು ನೆಲಕ್ಕಿಟ್ಟ.

"ಭರಮಣ್ಣ ಮರದ ಕೆಳಗ ಎತ್ತು ಬಿಚ್ಚಿ ಮಲಗಿದ್ದ. ಅಲ್ಲಿಂದ ಹೊಂಟದ್ದು ನನ್ನ ಕೆಂಪು ಗಾಡಿ, ಬಾಗಿದ ಕೊಂಬಿನ ಎತ್ತು ನಂದ. ಕನ್ನಡಿ ಅವನ ಹೆಸರು ನನಗ ಹಚ್ಚಿತು. ಅಜ್ಜಿ ಕಾಲು ಮುರಿದವ ನಾನು. ಅಂಜಿ ಓಡಿದೆ."

ರಾಜಕುಮಾರಿ ಸೋತವರನ್ನೂ ಭರಮಣ್ಣನನ್ನೂ ಬಿಡಿಸಿದಳು. "ಉತ್ತರಕ್ಕೆ ಅರ್ಧ ರಾಜ್ಯ. ತಪ್ಪಿಗೆ ಶಿಕ್ಷೆ ಅಜ್ಜಿಯೇ ಹೇಳಲಿ" ಎಂದಳು.

ಗುರವ್ವಜ್ಜಿ ಕೋಲೂರಿ ಬಂದಳು. "ರಾಜ ಆದರೂ ಅಷ್ಟ, ದಿನಾ ನಮ್ಮನೀಗೆ ನೀರು ಹೊರು. ತೀರ್ಪು ಕೊಟ್ಟಾಕೀನೂ ಬಂದು ರೊಟ್ಟಿ ಬಡೀಲಿ."

ಎಲ್ಲರೂ ನಕ್ಕರು. ಭರಮಣ್ಣ ನಗಲಿಲ್ಲ.

"ಮೂರು ಬಿಡಿಸಿದೆಪ್ಪಾ, ನಂದೊಂದು ಬಿಡಿಸು. ನಾ ಒಳಗಿದ್ದಾಗ ಹುಟ್ಟಿದ ಮಗಳು ಈಗ ಸೆರೆಮನಿ ಬಾಗಿಲಾಗ ನನ್ನ ಕಂಡು ಹೆದರಿ ಅಳತಾಳ. ಆಕೀಗೆ ನಾ ಯಾರಂತ ಹೇಳ್ಲಿ?"

ಅರ್ಧ ರಾಜ್ಯದ ಒಡೆಯ ತಲೆ ತಗ್ಗಿಸಿದ. ರಾಜಕುಮಾರಿಗೂ ಉತ್ತರ ಗೊತ್ತಿರಲಿಲ್ಲ.